ಅಟ್ಟದ ಕಾಯಿ, ತಿಂಗಳ ಸಂಬಳ

ಮಕ್ಕಳು ಚಿಕ್ಕವಿರುವಾಗ ಹೆಂಗಸು ಮತ್ತೆ ಕೆಲಸಕ್ಕೆ ಹೊರಟರೆ ಎಲ್ಲರ ಬಾಯಲ್ಲೂ ಒಂದು ಸಿದ್ಧ ಲೆಕ್ಕವಿರುತ್ತದೆ. ಸಂಬಳ ಇಷ್ಟು, ಮಗು ನೋಡಿಕೊಳ್ಳುವವರಿಗೆ ಇಷ್ಟು, ಓಡಾಟಕ್ಕೆ ಇಷ್ಟು, ನಾಲ್ಕು ಜನರ ಮುಂದೆ ಉಡಲು ಸೀರೆಗೆ ಇಷ್ಟು. ಕಳೆದರೆ ಉಳಿಯುವುದು ಚಿಲ್ಲರೆ, ಅಷ್ಟಕ್ಕೆ ಯಾಕೆ ಈ ಒದ್ದಾಟ? ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ. ತೋಟ ಇದೆಯಲ್ಲ, ಏನು ಕಡಿಮೆ?

ಮದುವೆಗೆ ಮುಂಚೆ ತುಮಕೂರಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮದುವೆಯಾದ ಮೇಲೂ ಸ್ವಲ್ಪ ದಿನ ರೈಲಿನಲ್ಲಿ ಓಡಾಡಿದೆ. ದೊಡ್ಡವಳು ಹುಟ್ಟಿದಾಗ ಬಿಟ್ಟೆ. 2023ರ ಬೇಸಿಗೆ ಮುಗಿಯುವ ಹೊತ್ತಿಗೆ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಟ್ಯಾಲಿ, ಜಿಎಸ್‌ಟಿ ಗೊತ್ತಿರುವವರು ಬೇಕೆಂದು ಕೇಳಿಬಂತು. ಸಂಬಳ 13,000. ಆಗ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ನಮ್ಮ ಮನೆ ನೊಣವಿನಕೆರೆ ಹತ್ತಿರ. ಅದೇ ವರ್ಷ ಜೂನ್ 11ಕ್ಕೆ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾಗಿ ಬಸ್ ಚಾರ್ಜು ಲೆಕ್ಕದಿಂದ ಬಿಟ್ಟುಹೋಯಿತು. ಆದರೂ ಮಗುವಿನ ಖರ್ಚು, ಆಟೊ, ಊಟ-ತಿಂಡಿ, ಮಕ್ಕಳಿಗೆ ಜ್ವರ ಬಂದು ರಜೆ ಹಾಕಿದ ದಿನದ ಕಡಿತ ಎಲ್ಲ ಸೇರಿ ಐದೂವರೆ ಸಾವಿರ ಹೋಗುತ್ತಿತ್ತು. ಮಿಕ್ಕಿದ್ದು 7,500.

“ಒಂದು ಕ್ವಿಂಟಾಲ್ ಕೊಬ್ಬರಿ ದುಡ್ಡೂ ಆಗಲ್ವಲ್ಲೆ,” ಅಂದರು ನಮ್ಮ ಯಜಮಾನರು. ತಮಾಷೆಗೇ ಅಂದದ್ದು. ಆದರೆ ಲೆಕ್ಕ ಸರಿಯಿತ್ತು, ಆ ವರ್ಷ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ಸರ್ಕಾರದ ಬೆಂಬಲ ಬೆಲೆ 11,750 ಇದ್ದರೂ ಮಂಡಿಯಲ್ಲಿ ಆ ರೇಟು ಯಾರಿಗೂ ಸಿಗುತ್ತಿರಲಿಲ್ಲ.

ಅವರ ಮಾತಿನಲ್ಲೇ ನನಗೆ ಬೇಕಾದ ಉತ್ತರವಿತ್ತು. ನಮ್ಮ ಉಂಡೆ ಕೊಬ್ಬರಿ ಆಗುವ ರೀತಿ ನೋಡಿ. ಕೆಡವಿದ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರಬೇಕಾದರೆ ಹತ್ತು-ಹನ್ನೊಂದು ತಿಂಗಳು ಬೇಕು. ಈ ವರ್ಷ ಕೆಡವಿದ್ದು ಬರುವ ವರ್ಷದ ದುಡ್ಡು. ಗ್ಯಾಸು, ದಿನಸಿ, ಶಾಲೆ ಫೀಜು, ಟ್ರ್ಯಾಕ್ಟರ್ ಕಂತು ಮಾತ್ರ ವರ್ಷ ಕಾಯುವುದಿಲ್ಲ. ಕೈ ಖಾಲಿಯಾದ ತೋಟದ ಮನೆಗೆ ಇರುವ ದಾರಿ ಮೂರೇ. ಅಟ್ಟಕ್ಕೆ ಏರಬೇಕಾದ ಕಾಯಿಯನ್ನು ತೋಟದಲ್ಲೇ ಹಸಿಯಾಗಿ ವ್ಯಾಪಾರಿಗೆ ಎಣಿಸಿಕೊಡುವುದು. ಮಂಡಿಯಲ್ಲಿ ಮುಂಗಡ ಎತ್ತಿ, ಕೊಬ್ಬರಿ ಆದಾಗ ರೇಟು ಹೇಗಿದ್ದರೂ ಅದೇ ಮಂಡಿಗೆ ಹಾಕುವುದು. ಇಲ್ಲವೇ ಮೈಮೇಲಿನ ಚಿನ್ನ ಅಡವಿಡುವುದು. ನಮ್ಮ ಮನೆಯಲ್ಲಿ ಮೂರೂ ನಡೆದಿದ್ದವು. ಮುಂಗಡದ ಖಾತೆಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ನಾನೀಗ ಮೇಜಿನ ಆಚೆ ಬದಿಯಿಂದ ದಿನಾ ನೋಡುತ್ತೇನೆ. ಜೂನ್ ಬಂದರೆ ಸಾಕು, ಫೀಜಿಗೆಂದು ಬರುವವರ ಸಾಲು.

ನನ್ನ 7,500 ತಿಂಗಳ ದಿನಸಿ, ಗ್ಯಾಸು, ಫೀಜಿಗೆ ಸರಿಹೋಯಿತು. ಆ ವರ್ಷ ನಾವು ಮುಂಗಡ ಎತ್ತಲಿಲ್ಲ. ಎಂಟು ಸಾವಿರಕ್ಕೆ ಮಾರುವ ಅವಸರ ಬೀಳಲಿಲ್ಲ, ಕಾಯಿ ಅಟ್ಟದಲ್ಲೇ ಉಳಿಯಿತು. 2024ರ ಹಂಗಾಮಿಗೆ ಕೇಂದ್ರ 12,000 ಬೆಂಬಲ ಬೆಲೆ ಇಟ್ಟಿತು, ರಾಜ್ಯ ಸರ್ಕಾರ ಮೇಲೆ 1,500 ಸೇರಿಸಿತು. ಬೆಂಬಲ ಬೆಲೆಯ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಿ ಕೊಟ್ಟೆವು. ಕ್ವಿಂಟಾಲಿಗೆ ಐದು ಸಾವಿರಕ್ಕೂ ಮೇಲೆ ವ್ಯತ್ಯಾಸ. ಈ ಐದು ಸಾವಿರ ತೋಟದ ಖಾತೆಗೆ ಜಮಾ ಆಯಿತು, ಸಂಬಳದ ಖಾತೆಗಲ್ಲ. ಆದರೆ ಗಳಿಸಿದ್ದು ಯಾವುದು? ಹೆಂಡತಿಯ ಸಂಬಳದಿಂದ ಮಗುವಿನ ಖರ್ಚು ಕಳೆದು ‘ಏನೂ ಮಿಗಲ್ಲ’ ಎನ್ನುವವರು ಈ ಸಾಲನ್ನು ಬರೆಯುವುದೇ ಇಲ್ಲ.

ಅದೃಷ್ಟವೂ ಸೇರಿತ್ತು, ಇಲ್ಲವೆನ್ನುವುದಿಲ್ಲ. ಕಾಯ್ದವರಿಗೆಲ್ಲ ರೇಟು ಏರುತ್ತದೆಂದಲ್ಲ. ಅಟ್ಟದಲ್ಲಿ ಇಲಿ ತಿನ್ನುತ್ತದೆ, ಕಾಯಿ ಕೊಳೆಯುತ್ತದೆ. 2025ರ ಮಧ್ಯದಲ್ಲಿ ಕ್ವಿಂಟಾಲ್ 25,000 ದಾಟಿದಾಗ ಎಷ್ಟೋ ಮನೆಗಳಲ್ಲಿ ಮಾರಲು ಕೊಬ್ಬರಿಯೇ ಇರಲಿಲ್ಲ. ಬಿಳಿ ನೊಣ, ಕಪ್ಪು ತಲೆ ಹುಳು ಇಳುವರಿ ತಿಂದಿದ್ದವು. ಆ ರೇಟು ನೋಡಿ, ಇನ್ನು ಸೊಸೆ ಕೆಲಸಕ್ಕೆ ಹೋಗುವುದೇನು ಬೇಡ ಎಂದು ನಿಲ್ಲಿಸಿದ ಮನೆಯೂ ನನಗೆ ಗೊತ್ತು. ಅದಕ್ಕೆ ಎರಡೇ ವರ್ಷ ಮುಂಚೆ ಎಂಟು ಸಾವಿರವಿದ್ದ ಪದಾರ್ಥ ಅದು ಎಂಬುದು ಎಷ್ಟು ಬೇಗ ಮರೆತುಹೋಗುತ್ತದೆ!

ಇನ್ನು ಮಗುವಿನ ಖರ್ಚಿನ ವಿಷಯ. ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಆರು ತಿಂಗಳಿಂದ ಮೂರು ವರ್ಷದವರೆಗೆ ನಮ್ಮ ಹಳ್ಳಿಗಳಲ್ಲಿ ಇರುವ ವ್ಯವಸ್ಥೆಯ ಹೆಸರು ಅತ್ತೆ. ರಾಜ್ಯದ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಘೋಷಿಸಿದರು. ಮೊದಲ ಉದ್ದೇಶ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದಾಗಿತ್ತು. ನಡೆಯುತ್ತಿರುವ ಕಡೆ ಅದು ದೊಡ್ಡ ಆಸರೆ. ನಿಮ್ಮ ಪಂಚಾಯಿತಿಯಲ್ಲಿ ಬಾಗಿಲು ತೆರೆದಿದೆಯೇ, ನಿಮ್ಮ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಪಿಡಿಒ ಅವರನ್ನೇ ಕೇಳಿ.

ಅತ್ತೆ ನೋಡಿಕೊಳ್ಳುತ್ತಾರೆ ಎಂದರೆ ಪುಕ್ಕಟೆ ಎಂದು ಎಲ್ಲರೂ ತಿಳಿಯುತ್ತಾರೆ. ಮರ ಹತ್ತಿ ಕಾಯಿ ಕೆಡವುವವರಿಗೆ ಮರಕ್ಕಿಷ್ಟೆಂದು ಕೊಡುತ್ತೇವೆ, ಕಾಯಿ ಸುಲಿಯುವವರಿಗೆ ಸಾವಿರಕ್ಕಿಷ್ಟೆಂದು ಕೊಡುತ್ತೇವೆ. ಎಪ್ಪತ್ತರ ಹತ್ತಿರದ ಹೆಂಗಸು ದಿನವಿಡೀ ಒಂದು ಚೂಟಿ ಮಗುವಿನ ಹಿಂದೆ ಓಡುವುದಕ್ಕೆ ಯಾಕೆ ರೇಟಿಲ್ಲ? ತಿಂಗಳಿಗೆ ಮೂರು ಸಾವಿರ ಕೊಡುತ್ತೇನೆ ಅಂದೆ.

“ಅಯ್ಯೋ, ಮೊಮ್ಮಗನ್ನ ನೋಡ್ಕಳಕೆ ದುಡ್ಡ್ ಈಸ್ಕಂಡ್ಳು ಅಂತ ಊರೋರು ಆಡ್ಕಳಲ್ವೇನವ್ವ?”

“ಊರೋರಿಗೆ ಯಾರು ಹೇಳ್ತಾರೆ ಅತ್ತೆ?”

ಎರಡು ಸಾವಿರ ಅವರ ಹೆಸರಲ್ಲೇ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ, ಒಂದು ಸಾವಿರ ಕೈಗೆ ಎಂದು ತೀರ್ಮಾನವಾಯಿತು. ಗೃಹಲಕ್ಷ್ಮಿಯ ಎರಡು ಸಾವಿರವೂ ಅವರಿಗೇ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರು. ಒಂದು ಕಾರ್ಡಿಗೆ ಒಬ್ಬರಿಗೇ ಆ ಹಣ. ಕೂಡು ಕುಟುಂಬದ ಸೊಸೆಗೆ ‘ಗೃಹಲಕ್ಷ್ಮಿ ಬರುತ್ತಲ್ಲ, ಕೆಲಸ ಯಾಕೆ’ ಎನ್ನುವವರು ಇದನ್ನು ಗಮನಿಸಿದ ಹಾಗಿಲ್ಲ. ಅತ್ತೆಗೆ ಕೊಡುವ ಮೂರು ಸಾವಿರವನ್ನು ಪೂರ್ತಿ ನನ್ನ ಸಂಬಳದ ಎದುರಿಗೇ ಬರೆಯಲು ಮಾತ್ರ ನಾನು ಒಪ್ಪಲಿಲ್ಲ. ಮಕ್ಕಳು ಇಬ್ಬರದೂ, ಹಾಗಾಗಿ ಅರ್ಧ ತೋಟದ ಲೆಕ್ಕದಿಂದ ಬರುತ್ತದೆ. ಇದಕ್ಕೆ ಮಾತ್ರ ಮನೆಯಲ್ಲಿ ಸುಮಾರು ದಿನ ವಾದ ನಡೆಯಿತು.

ಕಾನೂನು ನಮ್ಮಂಥವರನ್ನು ಎಲ್ಲಿ ಕೈಬಿಡುತ್ತದೆಂದು ತಿಳಿದುಕೊಂಡೇ ಕೆಲಸಕ್ಕೆ ಸೇರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. ಐವತ್ತು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಾಯಿತು. ಆದರೆ ಅಂಗಡಿ-ಮಳಿಗೆಗಳಲ್ಲಿ ಈ ರಜೆ ಸಿಗುವುದು ಹತ್ತು ಜನ ಕೆಲಸಗಾರರಿದ್ದರೆ. ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನರಿದ್ದರೆ. ನಾಲ್ಕು ಜನರ ಮಂಡಿಯಲ್ಲಿ ಎರಡೂ ಇಲ್ಲ. ತೆಂಗಿನ ಪುಡಿ ಮಾಡುವ ಫ್ಯಾಕ್ಟರಿಗಳಲ್ಲಿ ಚಿಪ್ಪು ಬಿಡಿಸಿ ಕಂದು ಸಿಪ್ಪೆ ಹೆರೆಯುವ ಹೆಂಗಸರು ಬೇಕಾದಷ್ಟಿದ್ದಾರೆ. ಅವರ ಕೂಲಿ ಹೆರೆದ ಲೆಕ್ಕಕ್ಕೆ. ನಮ್ಮ ಪಕ್ಕದ ಬೀದಿಯವಳೊಬ್ಬಳು ಬಾಣಂತನ ಮುಗಿಸಿ ಆ ಕೆಲಸಕ್ಕೆ ಹೊರಟಾಗ ನಾನು ಅವಳಿಗೆ ಹೇಳಿದ್ದು ಇಷ್ಟು: ಹಾಜರಿ ಪುಸ್ತಕದಲ್ಲಿ ಹೆಸರು ಹತ್ತಲಿ, ಕೂಲಿ ಬ್ಯಾಂಕಿಗೆ ಬರಲಿ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದೇನೆ ಎಂದು ತೋರಿಸದೆ ಹೆರಿಗೆ ರಜೆಯ ಸಂಬಳ ಕೇಳುವಂತಿಲ್ಲ. ಅವಳಿಗೆ ಕೈಗೆ ಬರುವ ಕೂಲಿಯೇ ಇಷ್ಟ. ಬ್ಯಾಂಕಿಗೆ ಬಂದರೆ ಎಲ್ಲಿ ಬಿಪಿಎಲ್ ಕಾರ್ಡು ಹೋಗುತ್ತದೋ ಎಂಬ ಭಯ. ಆ ಭಯ ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ.

ತುಮಕೂರಿನ ಹಳೇ ಪಿಎಫ್ ನಾನು ಮುಟ್ಟಿಲ್ಲ. ಕೆಲಸ ಬಿಟ್ಟಾಗ ನನ್ನ ಜೊತೆಯವರು ತೆಗೆದು ಬಳೆ ಮಾಡಿಸಿಕೊಂಡರು. ಕಂತು ಕಟ್ಟದಿದ್ದರೂ 58 ತುಂಬುವವರೆಗೆ ಅದಕ್ಕೆ ಬಡ್ಡಿ ಬರುತ್ತದೆ. 2024-25ಕ್ಕೆ ಶೇ 8.25. ಬಡ್ಡಿಗಿಂತ ಮುಖ್ಯವಾದದ್ದು ಪಿಂಚಣಿ. ತಿಂಗಳ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, ನಡುವೆ ಅಂತರವಿದ್ದರೂ ಕೂಡಿಸುತ್ತಾರೆ. ಪಿಂಚಣಿ ಪಾಲನ್ನು ಹಿಂತೆಗೆದರೆ ಆ ವರ್ಷಗಳು ಅಳಿದ ಹಾಗೆ. ನನ್ನದು ಅಲ್ಲಿ ಆರು ವರ್ಷವಾಗಿದೆ. ಮಕ್ಕಳು ದೊಡ್ಡವರಾದ ಮೇಲೆ ಪಿಎಫ್ ಇರುವ ಕಡೆ ನಾಲ್ಕು ವರ್ಷ ದುಡಿದರೆ ಸಾಕು. ಅಲ್ಲಿಯವರೆಗೆ ಅಟಲ್ ಪಿಂಚಣಿಗೆ ಕಟ್ಟುತ್ತಿದ್ದೇನೆ. ನಲವತ್ತರೊಳಗೆ ಸೇರಬೇಕು ಎಂಬುದೊಂದೇ ಅವಸರವಿತ್ತು.

ಸೇರುವಾಗ ಸಂಬಳಕ್ಕೆ ಜಗ್ಗಾಡಲಿಲ್ಲ, ಹೊತ್ತಿಗೆ ಜಗ್ಗಾಡಿದೆ. ಹತ್ತಕ್ಕೆ ಬರುತ್ತೇನೆ, ಐದರ ಬಸ್ಸಿಗೆ ಹೊರಡುತ್ತೇನೆ, ಕೊಬ್ಬರಿ ಟೆಂಡರ್ ನಡೆಯುವ ದಿನ ಮಾತ್ರ ಎಷ್ಟು ಹೊತ್ತಾದರೂ ಇರುತ್ತೇನೆ ಎಂದೆ. ಮಂಡಿ ಸಾಹುಕಾರರು ತಕ್ಷಣ ಒಪ್ಪಿದರು, ಅವರಿಗೆ ಬೇಕಾದದ್ದು ಆ ದಿನಗಳೇ. ಬಹುಶಃ ಇನ್ನೊಂದು ಸಾವಿರ ಕೇಳಬಹುದಿತ್ತು. ಆದರೆ ಏಳೂವರೆಗೆ ನಿದ್ದೆಹೋಗುವ ಮಕ್ಕಳಿರುವ ಮನೆಯಲ್ಲಿ ಸಂಜೆ ಅವರೊಂದಿಗೆ ಸಿಗುವ ಒಂದೂವರೆ ಗಂಟೆಯ ಬೆಲೆ ಅದಕ್ಕಿಂತ ಹೆಚ್ಚು.

ಮಗ ಈಗ ಅಂಗನವಾಡಿಗೆ ಹೋಗುತ್ತಾನೆ. ಇನ್ನು ಅಜ್ಜಿಗೆ ಕೆಲಸ ಕಡಿಮೆ, ಮೂರು ಸಾವಿರ ಇಳಿಸಬಹುದು ಎಂಬ ಯೋಚನೆ ನಮ್ಮ ಯಜಮಾನರದು. ಅತ್ತೆ ಬೇರೆಯೇ ಲೆಕ್ಕ ಹಾಕಿದ್ದರು. “ಕೊಬ್ಬರಿ ರೇಟ್ ಮೂರರಷ್ಟಾಗೈತೆ, ನಂದೇನವ್ವ ಅಲ್ಲೇ ಕುಂತೈತೆ?” ಅಂದರು. ನಾಲ್ಕು ಸಾವಿರಕ್ಕೆ ಏರಿಸಿದ್ದೇವೆ, ಅರ್ಧ ತೋಟದಿಂದ. ಆರ್‌ಡಿ ಹಾಗೇ ಇರಲಿ, ಹೆಚ್ಚಿನದ್ದು ಕೈಗೇ ಬರಲಿ ಎಂಬುದು ಅವರ ಷರತ್ತು. ಮಂಡಿಯಲ್ಲಿ ನನ್ನ ಸಂಬಳ ಏರಿದ್ದು ಒಂದೂವರೆ ಸಾವಿರ; ಕೇಳುವ ಕಲೆಯನ್ನು ಅವರಿಂದ ಕಲಿತು ಈ ಯುಗಾದಿಗೆ ಇನ್ನೊಮ್ಮೆ ಕೇಳುವವಳಿದ್ದೇನೆ.