ಕೈಗೆ ಕಟ್ಟುವ ಸ್ಮಾರ್ಟ್ ವಾಚು: ಅದು ಬಲ್ಲದ್ದೆಷ್ಟು, ಅರಿಯದ್ದೆಷ್ಟು



ಹಬ್ಬಕ್ಕೆ ಊರಿಗೆ ಬಂದ ಮಗನೋ ಅಳಿಯನೋ ನಿಮ್ಮ ಕೈಗೊಂದು ಸ್ಮಾರ್ಟ್ ವಾಚು ಕಟ್ಟಿ ಹೋಗಿರಬಹುದು. ಇಲ್ಲವೇ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಒಂದೂವರೆ ಎರಡು ಸಾವಿರ ರೂಪಾಯಿಗೆ ನೀವೇ ಕೊಂಡಿರಬಹುದು. ಕೆಲವರು ಅದನ್ನು ಗಂಟೆ ನೋಡುವುದಕ್ಕೆ ಮಾತ್ರ ಬಳಸುತ್ತಾರೆ. ಇನ್ನು ಕೆಲವರು ಅದು ತೋರಿಸಿದ್ದೆಲ್ಲವೂ ಡಾಕ್ಟರ ಮಾತಿಗೆ ಸಮನೆಂದು ನಂಬುತ್ತಾರೆ. ಮೊದಲನೆಯವರಿಗೆ ದುಡ್ಡು ದಂಡ. ಎರಡನೆಯವರಿಗೆ ಆರೋಗ್ಯವೇ ದಂಡ. ಈ ಯಂತ್ರವನ್ನು ಯಾವ ವಿಷಯದಲ್ಲಿ ನಂಬಬಹುದು, ಯಾವುದರಲ್ಲಿ ನಂಬಕೂಡದು ಎಂಬುದನ್ನು ನೋಡೋಣ.

ಸಾಧಾರಣ ಬೆಲೆಯ ವಾಚಿನಲ್ಲಿ ಸಿಮ್ ಇರುವುದಿಲ್ಲ. ಕರೆಯೂ ಸಂದೇಶವೂ ಬರುವುದು ಫೋನಿಗೆ. ಫೋನು ಅವನ್ನು ಬ್ಲೂಟೂತ್ ಎಂಬ ಅಲ್ಪ ದೂರದ ರೇಡಿಯೋ ಅಲೆಯ ಮೂಲಕ ವಾಚಿಗೆ ದಾಟಿಸುತ್ತದೆ. ಈ ಅಲೆ ಹೋಗುವುದು ಸುಮಾರು 10 ಮೀಟರು. ನಡುವೆ ಗೋಡೆಯಿದ್ದರೆ ಇನ್ನೂ ಕಡಿಮೆ. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ನೀವು ಹೊಲಕ್ಕೆ ಹೋದಿರೆನ್ನಿ. ವಾಚು ಗಂಟೆ ತೋರಿಸೀತು, ಹೆಜ್ಜೆ ಎಣಿಸೀತು, ನಾಡಿಯನ್ನೂ ನೋಡೀತು. ಆದರೆ ಯಾರ ಕರೆಯೂ ಬಾರದು, ನೀವೂ ಯಾರನ್ನೂ ಕರೆಯಲಾಗದು. ಈ ಸಂಗತಿಯನ್ನು ನೆನಪಿಡಿರಿ. ಮುಂದೆ ಇದರ ಕೆಲಸವಿದೆ.

ಜೋಡಿಸುವ ಕ್ರಮ ಕಷ್ಟದ್ದೇನಲ್ಲ. ಮೊದಲು ವಾಚನ್ನು ಪೂರ್ತಿ ಚಾರ್ಜು ಮಾಡಿರಿ. ಡಬ್ಬಿಯೊಳಗಿನ ಕಾಗದದಲ್ಲಿ ಅದರ ಆ್ಯಪಿನ ಹೆಸರಿರುತ್ತದೆ. ಅದನ್ನು ಫೋನಿನ ಪ್ಲೇ ಸ್ಟೋರಿನಿಂದಲೇ ಹಾಕಿಕೊಳ್ಳಿರಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಫೈಲು ಬೇಡ. ಬ್ಲೂಟೂತ್ ತೆರೆದು, ಆ್ಯಪಿನ ಒಳಗಿನಿಂದ ವಾಚನ್ನು ಹುಡುಕಿ ಜೋಡಿಸಬೇಕು. ವಾಚಿನಲ್ಲೇ ಮಾತನಾಡುವ ಸೌಕರ್ಯವಿದ್ದರೆ ಅನೇಕ ವಾಚುಗಳಲ್ಲಿ ಕರೆಗೆಂದು ಇನ್ನೊಮ್ಮೆ ಜೋಡಿಸಬೇಕಾಗುತ್ತದೆ. ಆ್ಯಪು ಹಲವು ಅನುಮತಿ ಕೇಳುತ್ತದೆ. ಕರೆ ಮತ್ತು ಸಂದೇಶದ ಅನುಮತಿ ಕೊಡದಿದ್ದರೆ ಅವು ವಾಚಿಗೆ ಬಾರವು. ಕಾರಣ ತಿಳಿಯದ ಬೇರೆ ಅನುಮತಿಗಳನ್ನು ನಿರಾಕರಿಸಿ ನೋಡಿರಿ. ಕೆಲಸ ನಿಂತರೆ ಆಮೇಲೆ ಕೊಟ್ಟರಾಯಿತು. ಎರಡು ದಿನ ಸರಿಯಾಗಿ ಬಂದ ಸಂದೇಶ ಮೂರನೆಯ ದಿನ ನಿಂತರೆ ವಾಚು ಕೆಟ್ಟಿತೆಂದು ಅಂಗಡಿಗೆ ಓಡಬೇಡಿರಿ. ಬಹಳಮಟ್ಟಿಗೆ, ಬ್ಯಾಟರಿ ಉಳಿಸಲೆಂದು ಫೋನೇ ಆ ಆ್ಯಪನ್ನು ಮಲಗಿಸಿರುತ್ತದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ ಆ ಒಂದು ಆ್ಯಪಿಗೆ ನಿರ್ಬಂಧ ತೆಗೆಯಿರಿ.

ಇದರ ನಿಜವಾದ ಉಪಯೋಗ ಸಣ್ಣ ಕೆಲಸಗಳಲ್ಲಿದೆ. ಹಾಲು ಕರೆಯುವಾಗ ಫೋನು ಕೂಗಿದರೆ ಯಾರ ಕರೆಯೆಂದು ಮಣಿಕಟ್ಟಿನಲ್ಲೇ ಕಾಣುತ್ತದೆ. ಕೈ ತೊಳೆದು ಓಡಬೇಕಾದ್ದಿಲ್ಲ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬರುವ ಊರುಗಳಲ್ಲಿ ಇದರ ಅಲಾರಂ ಬಲು ಅನುಕೂಲ. ಅದು ಕೂಗುವುದಿಲ್ಲ, ಕೈಯ ಮೇಲೆ ನಡುಗುತ್ತದೆ. ಪಂಪು ಹಾಕಲು ಏಳಬೇಕಾದವರು ಮಾತ್ರ ಏಳುತ್ತಾರೆ, ಮಕ್ಕಳ ನಿದ್ದೆ ಕೆಡುವುದಿಲ್ಲ. ಬೆಳಿಗ್ಗೆ ಸಂಜೆ ಮಾತ್ರೆ ನುಂಗುವವರಿಗೂ ಇದೇ ಅಲಾರಂ ಸಾಕು. ಫೋನನ್ನು ಹುಲ್ಲಿನ ಮೆದೆಯ ಬಳಿ ಎಲ್ಲೋ ಇಟ್ಟು ಮರೆತರೆ, ಅಲೆ ಮುಟ್ಟುವಷ್ಟು ಹತ್ತಿರ ಹೋಗಿ ವಾಚಿನಲ್ಲಿ ಫೋನು ಹುಡುಕುವ ಗುರುತನ್ನು ಒತ್ತಿದರೆ ಅದು ಕೂಗುತ್ತದೆ.

ಇನ್ನು ದೇಹದ ಲೆಕ್ಕಕ್ಕೆ ಬರೋಣ. ವಾಚನ್ನು ಬಿಚ್ಚಿ ತಿರುಗಿಸಿ ನೋಡಿರಿ. ಬೆನ್ನಿನಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತವು ಹಸಿರು ಬೆಳಕನ್ನು ಹೀರುತ್ತದೆ. ಎದೆ ಬಡಿದಾಗಲೆಲ್ಲ ಮಣಿಕಟ್ಟಿನಲ್ಲಿ ರಕ್ತ ತುಸು ಹೆಚ್ಚುತ್ತದೆ, ಮರಳುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನೇ ವಾಚು ನಾಡಿಯೆಂದು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಅಡಿಯಲ್ಲಿ ಹಚ್ಚೆಯಿದ್ದರೆ, ಕೈ ತಣ್ಣಗಿದ್ದರೆ ಅಥವಾ ಕೈ ಜೋರಾಗಿ ಆಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಪರೀಕ್ಷೆ ನೀವೇ ಮಾಡಬಹುದು. ಐದು ನಿಮಿಷ ಸುಮ್ಮನೆ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡು ಬಡಿತ ಎಣಿಸಿ ಇಮ್ಮಡಿ ಮಾಡಿರಿ. ವಾಚಿನ ಅಂಕಿ ಅದಕ್ಕೆ ಹತ್ತಿರವಿದ್ದರೆ, ಕುಳಿತಾಗಿನ ನಾಡಿಯ ಮಟ್ಟಿಗೆ ಅದನ್ನು ನಂಬಬಹುದು. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100.

ಹೆಜ್ಜೆಯ ಲೆಕ್ಕ ಸ್ವಲ್ಪ ನಗೆಯ ವಿಷಯ. ವಾಚು ಕಾಲನ್ನು ನೋಡುವುದಿಲ್ಲ, ಕೈಯ ಆಟವನ್ನು ನೋಡುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎರಡೂ ಕೈಯಲ್ಲಿ ಹಿಡಿದು ಮೈಲಿ ನಡೆದವಳಿಗೆ ಅದು ಕಡಿಮೆ ಹೆಜ್ಜೆ ಬರೆದೀತು. ಕುಳಿತಲ್ಲೇ ಮಜ್ಜಿಗೆ ಕಡೆದವಳಿಗೆ ಹೆಚ್ಚು ಬರೆದೀತು. ಅದರಿಂದ ಯಾರಿಗೂ ಹಾನಿಯಿಲ್ಲ.

ಹಾನಿಯಿರುವುದು ಸಕ್ಕರೆ ಮತ್ತು ಬಿ.ಪಿ. ವಿಷಯದಲ್ಲಿ. ನಾನು ಬಲ್ಲ ಹಿರಿಯರೊಬ್ಬರು ಸಕ್ಕರೆ ತೋರಿಸುವುದೆಂದು ಹೇಳಿ ಮಾರಿದ ವಾಚು ಕೊಂಡರು. ಅದು ದಿನವೂ 110ರ ಆಸುಪಾಸು ತೋರಿಸಿತು. ಕಾಯಿಲೆ ಇಳಿಯಿತೆಂದು ಅವರು ಮಾತ್ರೆಯನ್ನು ಅರ್ಧ ಮಾಡಿದರು, ಆಮೇಲೆ ಬಿಟ್ಟೇಬಿಟ್ಟರು. ಕಾಲಿನ ಗಾಯ ಮಾಯದೆ ಹೋದಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಬೆರಳಿನ ರಕ್ತ ನೋಡಿದರೆ 300 ದಾಟಿತ್ತು. ಆ ಮನೆಯವರೂ ಓದಿದವರೇ. ಅಂಕಿ ಪರದೆಯ ಮೇಲೆ ಹೊಳೆಯುತ್ತಿದ್ದುದರಿಂದ ಯಾರೂ ಸಂಶಯಪಡಲಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಚರ್ಮವನ್ನು ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅದು ಸ್ಪಷ್ಟವಾಗಿ ಹೇಳಿತು. ತೋಳಿಗೆ ಅಂಟಿಸುವ, ಚರ್ಮದೊಳಗೆ ಸಣ್ಣ ಎಳೆ ಹೋಗುವ ಸಾಧನ ಬೇರೆ. ಅದರ ಅಂಕಿಯನ್ನು ವಾಚು ತೋರಿಸಬಹುದು, ಆದರೆ ಅಳೆದದ್ದು ವಾಚಲ್ಲ. ಬಿ.ಪಿ.ಯ ಮಾತೂ ಇದೇ ಬಗೆಯದು. ಸ್ಯಾಮ್‌ಸಂಗ್ ಕಂಪನಿಯ ದುಬಾರಿ ವಾಚನ್ನೂ ತೋಳಿಗೆ ಪಟ್ಟಿ ಸುತ್ತುವ ಬಿ.ಪಿ. ಯಂತ್ರದೊಡನೆ 28 ದಿನಕ್ಕೊಮ್ಮೆ ಸರಿಹೊಂದಿಸಬೇಕು. ಹಾಗಿರುವಾಗ ಯಾವ ಯಂತ್ರದೊಡನೆಯೂ ಹೋಲಿಸದೆ ಎರಡು ಸಾವಿರದ ವಾಚು ಹೇಳುವ ಬಿ.ಪಿ.ಗೆ ಆಧಾರವೇನು?

ಸಂಶಯವಿದ್ದರೆ ಹತ್ತು ಜನ ಸೇರಿದ ಕಟ್ಟೆಯ ಮೇಲೆ ಒಂದು ಪ್ರಾತ್ಯಕ್ಷಿಕೆ ಮಾಡಿರಿ. ವಾಚನ್ನು ಬಾಳೆಕಾಯಿಗೋ ಸೌತೆಕಾಯಿಗೋ ಬಿಗಿಯಾಗಿ ಕಟ್ಟಿ ನಾಡಿ, ಬಿ.ಪಿ. ನೋಡಿರಿ. ಕೆಲವು ವಾಚುಗಳು ಸೌತೆಕಾಯಿಗೂ ಅಂಕಿ ಕೊಡುತ್ತವೆ. ಅಂಥ ವಾಚಿನ ಮಾತು ಕೇಳಿ ಮಾತ್ರೆ ಹೆಚ್ಚಿಸುವುದಾಗಲಿ ಬಿಡುವುದಾಗಲಿ ಮಾಡತಕ್ಕದ್ದಲ್ಲ. ವಾಚು ಅಂಕಿ ಕೊಡದೆ ಸುಮ್ಮನಿದ್ದರೂ ಅದು ಸಕ್ಕರೆ ಅಳೆಯಬಲ್ಲದೆಂದು ಅರ್ಥವಲ್ಲ. ಎದೆನೋವು, ಉಬ್ಬಸ, ತಲೆಸುತ್ತು ಬಂದಾಗ ವಾಚು ಏನೆನ್ನುತ್ತದೆಂದು ನೋಡುತ್ತ ಕೂರಬೇಡಿರಿ. 108ಕ್ಕೆ ಕರೆ ಮಾಡಿರಿ.

ಒಂಟಿಯಾಗಿರುವ ತಂದೆತಾಯಿಗೆ ಆಪತ್ತಿನಲ್ಲಿ ಆದೀತೆಂದು ಮಕ್ಕಳು ವಾಚು ಕೊಡಿಸುವುದುಂಟು. ಆಪಲ್ ವಾಚಿನಲ್ಲಿ 2018ರಿಂದ, ತೊಟ್ಟವರು ಜೋರಾಗಿ ಬಿದ್ದು ಅಲುಗಾಡದಿದ್ದರೆ ತಾನೇ ಕರೆ ಹೋಗುವ ಏರ್ಪಾಡಿದೆ. ಅಗ್ಗದ ವಾಚುಗಳಲ್ಲಿ ಆಪತ್ಕರೆಯ ಗುಂಡಿ ಇದ್ದರೆ ಹೆಚ್ಚು. ಅದು ಹೋಗುವುದೂ ಫೋನಿನ ಮೂಲಕವೇ. ಆದುದರಿಂದ ಅಮ್ಮ ಬಚ್ಚಲಿಗೆ ಹೋದಾಗ ಫೋನು ಅಲೆ ಮುಟ್ಟುವಷ್ಟು ಹತ್ತಿರವಿರಬೇಕು, ಅಪ್ಪ ತೋಟಕ್ಕೆ ಹೋದಾಗ ಜೇಬಿನಲ್ಲಿರಬೇಕು. ಮಗನ ನಂಬರನ್ನು ಹಾಕಿ, ಮಗ ಊರಿನಲ್ಲಿರುವಾಗಲೇ ಒಮ್ಮೆ ಒತ್ತಿಸಿ ನೋಡಿರಿ. ಒತ್ತಿ ನೋಡದ ಗುಂಡಿಯನ್ನು ನೆಚ್ಚಬಾರದು.

ಬ್ಯಾಂಕಿನ ಓಟಿಪಿ ಸಂದೇಶವೂ ವಾಚಿನ ಮೇಲೆ ಹೊಳೆಯುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೂ ಕಾಣುತ್ತದೆ. ಸಂದೇಶದ ಒಳಮಾತು ಕಾಣದಂತೆ ಮಾಡಲು ಆ್ಯಪಿನಲ್ಲಿ ಅವಕಾಶವಿದ್ದರೆ ಹಾಗೆ ಮಾಡಿಕೊಳ್ಳಿರಿ. ಔಷಧ ಸಿಂಪಡಿಸುವಾಗ ವಾಚನ್ನು ಬಿಚ್ಚಿಡಿರಿ. ಪಟ್ಟಿಯ ಅಡಿಯಲ್ಲಿ ನಿಂತ ವಿಷ ಚರ್ಮವನ್ನು ಸುಡುತ್ತದೆ. ಮಳೆಹನಿಗೆ ಹೆದರಬೇಕಾದ್ದಿಲ್ಲ, ಆದರೆ ಸ್ನಾನದ ಬಿಸಿನೀರು, ಸೋಪು ಒಳಗಿನ ರಬ್ಬರನ್ನು ಕೆಡಿಸುತ್ತವೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಬೆವರು ಒರೆಸಿ ಚಾರ್ಜಿಗೆ ಹಾಕಿದರೆ ಪಟ್ಟಿಯ ಅಡಿಯ ಚರ್ಮಕ್ಕೂ ಅಷ್ಟು ಹೊತ್ತು ಗಾಳಿಯಾಡುತ್ತದೆ.