ಸ್ನಾತಕೋತ್ತರ ಪ್ರವೇಶಕ್ಕೆ ಮುನ್ನ

ಮುಂದೇನೆಂಬುದು ತೋಚದ ಕಾರಣಕ್ಕೇ ಸ್ನಾತಕೋತ್ತರ ತರಗತಿಗೆ ಸೇರಿಬಿಡುವುದು ಪದವಿ ಮುಗಿಸಿದ ಅನೇಕರು ಮಾಡುವ ತಪ್ಪು. ಎಂ.ಎ., ಎಂ.ಎಸ್ಸಿ. ಮುಗಿದರೆ ಅಧ್ಯಾಪಕ ಹುದ್ದೆ ತಾನಾಗಿ ಒದಗುವುದಿಲ್ಲ. ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಶೇ. 55 ಅಂಕಗಳ ಜೊತೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಇಲ್ಲವೇ ನಿಯಮಾನುಸಾರ ಪಿಎಚ್.ಡಿ. ಪಡೆದಿರಬೇಕು. ಎಂಬಿಎ ಕಾಲೇಜುಗಳು ಜಾಹೀರುಪಡಿಸುವ ಸರಾಸರಿ ವೇತನವು ಇಬ್ಬರು ಮೂವರ ಭಾರಿ ಸಂಬಳದಿಂದಲೇ ಉಬ್ಬಿರಬಹುದಾದ್ದರಿಂದ, ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿರಿಸಿದಾಗ ನಟ್ಟನಡುವೆ ನಿಲ್ಲುವ ಮೊತ್ತವಾದ ಮಧ್ಯಾಂಕವನ್ನೂ, ತೇರ್ಗಡೆಯಾದವರಲ್ಲಿ ಎಷ್ಟು ಮಂದಿಗೆ ಕೆಲಸ ದೊರೆಯಿತೆಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು. ಎನ್‌ಐಆರ್‌ಎಫ್ ಎಂಬ ರಾಷ್ಟ್ರೀಯ ಶ್ರೇಯಾಂಕಕ್ಕಾಗಿ ಸಂಸ್ಥೆಗಳು ಸಲ್ಲಿಸುವ ದತ್ತಾಂಶದಲ್ಲಿ ಇವೆರಡೂ ಸಿಗುತ್ತವೆ. ಎಂ.ಟೆಕ್. ಬಯಸುವವರು ಶಿಕ್ಷಣ ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯುವುದು ಲೇಸು. ಅದರ ಅಂಕ 3 ವರ್ಷ ಊರ್ಜಿತವಾಗಿರುತ್ತದೆ, ಅರ್ಹರಿಗೆ ಮಾಸಿಕ ವಿದ್ಯಾರ್ಥಿವೇತನವೂ ಉಂಟು.