ಸೀಮೆಸುಣ್ಣದ ಗುಡ್ಡಗಳಲ್ಲಿ ಬೈಸಿಕಲ್ಲಿನ ದಾರಿ

ಶಾಲೆಯ ಕರಿಹಲಗೆಯ ಮೇಲೆ ಬರೆಯುವ ಸೀಮೆಸುಣ್ಣವನ್ನು ಕಾಣದ ವಿದ್ಯಾರ್ಥಿಯು ಇರಲಾರನು. ಇಂದಿನ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಮ್ ಎಂಬ ಬೇರೊಂದು ವಸ್ತುವಿನಿಂದ ಮಾಡುವರಾದರೂ, ನಿಜವಾದ ಸೀಮೆಸುಣ್ಣವು ಮೆದುವಾದ ಒಂದು ಬಗೆಯ ಬಿಳಿಯ ಕಲ್ಲು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಈ ಕಲ್ಲಿನಿಂದಲೇ ಆದ ಗುಡ್ಡಗಳ ಸಾಲುಗಳು ಅಲೆಯಲೆಯಾಗಿ ಹಬ್ಬಿಕೊಂಡಿವೆ. ಅವುಗಳ ನೆತ್ತಿಯ ಮೇಲೆ ಹಾದುಹೋಗುವ ಹುಲ್ಲುದಾರಿಗಳಲ್ಲಿ ಇಂದು ಅಸಂಖ್ಯ ಜನರು ಬೈಸಿಕಲ್ಲನ್ನೇರಿ ಸಂಚರಿಸುತ್ತಾರೆ. ಅಲ್ಲಿ ಡಾಮರಿಲ್ಲ, ಮೋಟಾರಿನ ಸದ್ದಿಲ್ಲ. ಒಂದು ಮಗ್ಗುಲಲ್ಲಿ ಕುರಿಗಳು ಮೇಯುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಗೋದಿಯ ಹೊಲಗಳು. ಇಂಥ ದಾರಿಯು ಉಂಟಾದುದು ಹೇಗೆ? ಅದರಲ್ಲಿ ನಡೆಯುವ ಹಕ್ಕು ಯಾರದು? ಆ ಹಕ್ಕನ್ನು ಉಳಿಸಿಕೊಳ್ಳುವ ಬಗೆ ಯಾವುದು? ಈ ಮೂರು ಸಂಗತಿಗಳನ್ನು ನಾವು ಈ ಪಾಠದಲ್ಲಿ ವಿಚಾರಿಸೋಣ.

೧. ಗುಡ್ಡಗಳ ಸ್ವರೂಪ

ಈ ಗುಡ್ಡಗಳಿಗೆ ಅಲ್ಲಿಯವರು ‘ಡೌನ್ಸ್’ ಎನ್ನುತ್ತಾರೆ. ‘ಡೌನ್’ ಎಂದರೆ ಕೆಳಗೆ ಎಂದು ಕಲಿತ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಈ ಹೆಸರು ಹಳೆಯ ಇಂಗ್ಲಿಷಿನಲ್ಲಿ ಗುಡ್ಡವೆಂಬ ಅರ್ಥವಿದ್ದ ‘ಡೂನ್’ ಎಂಬ ಶಬ್ದದಿಂದ ಬಂದುದು. ಸುಮಾರು ೧೦ ಕೋಟಿ ವರ್ಷಗಳ ಹಿಂದೆ ಆ ಪ್ರದೇಶವು ಸಮುದ್ರದ ಅಡಿಯಲ್ಲಿತ್ತು. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜಲಜೀವಿಗಳ ಚಿಪ್ಪುಗಳು ಕೋಟ್ಯಂತರ ವರ್ಷ ತಳದಲ್ಲಿ ಸಂಚಯವಾಗಿ ಸೀಮೆಸುಣ್ಣದ ದಪ್ಪ ಪದರವಾದುವು. ತರುವಾಯ ಆಲ್ಪ್ಸ್ ಪರ್ವತಗಳನ್ನು ಮೇಲೆತ್ತಿದ ಭೂಚಲನೆಯೇ ಈ ಪದರವನ್ನೂ ಮೆಲ್ಲನೆ ಬಾಗಿಸಿ ಎತ್ತಿತು. ಆದುದರಿಂದ ಇವು ಕಡಿದಾದ ಶಿಖರಗಳಲ್ಲ. ಸೌತ್ ಡೌನ್ಸ್ ಸಾಲಿನಲ್ಲಿ ಹೆಸರಾಂತ ಡಿಚ್ಲಿಂಗ್ ಬೀಕನ್ ಕೂಡ ೨೪೮ ಮೀಟರುಗಳಷ್ಟೇ ಎತ್ತರವಿದೆ.

ಸೀಮೆಸುಣ್ಣಕ್ಕೆ ನೀರನ್ನು ಹೀರುವ ಗುಣವುಂಟು. ಮಳೆಯು ಇಂಗಿಹೋಗುವುದರಿಂದ ಗುಡ್ಡದ ಬೆನ್ನು ಬೇಗನೆ ಒಣಗುವುದು. ಜೇಡಿಮಣ್ಣಿನ ತಗ್ಗುಗಳಲ್ಲಾದರೋ ಕೆಸರು ನಿಲ್ಲುವುದು. ಪೂರ್ವಕಾಲದ ಜನರು ತಗ್ಗಿನ ಕೆಸರನ್ನೂ ಕಾಡನ್ನೂ ಬಿಟ್ಟು ಗುಡ್ಡದ ಬೆನ್ನನ್ನೇ ಹಿಡಿದು ನಡೆದರೆಂದು ಹೇಳುವುದುಂಟು. ಓವರ್ಟನ್ ಹಿಲ್ಲಿನಿಂದ ಐವಿಂಗೋ ಬೀಕನ್ನಿನವರೆಗೆ ಸುಮಾರು ೧೪೦ ಕಿಲೋಮೀಟರು ಸಾಗುವ ‘ರಿಜ್‌ವೇ’ ಎಂಬ ದಾರಿಯ ಹೆಸರಿಗೂ ಗುಡ್ಡದ ಏಣಿನ ದಾರಿಯೆಂದೇ ಅರ್ಥ. ಅದರ ಪಕ್ಕದಲ್ಲಿ, ಅಫಿಂಗ್ಟನ್ ಎಂಬಲ್ಲಿ, ಹುಲ್ಲನ್ನು ಕೆತ್ತಿ ಬಿಳಿಯ ಸೀಮೆಸುಣ್ಣವನ್ನು ತುಂಬಿ ಮಾಡಿದ ಸುಮಾರು ೧೧೦ ಮೀಟರು ಉದ್ದದ ಕುದುರೆಯ ಚಿತ್ರವೊಂದಿದೆ. ಅದಕ್ಕೆ ಸುಮಾರು ೩,೦೦೦ ವರ್ಷಗಳ ವಯಸ್ಸು. ಕಳೆ ಬೆಳೆದು ಮುಚ್ಚಿಹೋಗದಂತೆ ತಲೆಮಾರು ತಲೆಮಾರಿನವರೂ ಅದನ್ನು ಶುಚಿಮಾಡುತ್ತ ಬಂದುದರಿಂದಲೇ ಅದು ಉಳಿದಿದೆ. ಈ ಮಾತನ್ನು ನೆನಪಿನಲ್ಲಿಡಿರಿ; ಮುಂದೆ ಇದಕ್ಕೆ ಮರಳಿ ಬರುವೆವು.

೨. ನಡೆಯುವ ಹಕ್ಕು

ಇಂಗ್ಲೆಂಡಿನ ಹೊಲಗಳಿಗೂ ಹುಲ್ಲುಗಾವಲುಗಳಿಗೂ ಬಹುಮಟ್ಟಿಗೆ ಖಾಸಗಿ ಒಡೆಯರಿದ್ದಾರೆ. ಆದರೂ ಅವುಗಳ ನಡುವೆ ಹಾದುಹೋಗುವ ಸಾರ್ವಜನಿಕ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಸೇರಿದುದು. ನೆಲವು ಒಬ್ಬನದು, ನಡೆಯುವ ಹಕ್ಕು ಊರಿನದು ಎಂಬುದೇ ಇದರ ತಿರುಳು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಇಂಥ ದಾರಿಗಳ ಒಟ್ಟು ಉದ್ದ ಸುಮಾರು ೨,೨೫,೦೦೦ ಕಿಲೋಮೀಟರುಗಳು.

ಈ ಹಕ್ಕು ಹೋರಾಟವಿಲ್ಲದೆ ದೃಢವಾದುದಲ್ಲ. ೧೯೩೨ರ ಏಪ್ರಿಲ್ ೨೪ರಂದು ಕಾರ್ಖಾನೆಗಳ ಯುವಕಾರ್ಮಿಕರು ಗುಂಪುಗೂಡಿ, ಜನರಿಗೆ ಮುಚ್ಚಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಬಯಲನ್ನು ಏರಿದರು. ಅವರಲ್ಲಿ ಐವರು ಸೆರೆಮನೆಯನ್ನು ಕಾಣಬೇಕಾಯಿತು. ಮುಂದೆ ೧೯೪೯ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಗ್ರಾಮಾಂತರ ಪ್ರವೇಶದ ಕಾನೂನು ಬಂದು, ಪ್ರತಿಯೊಂದು ಕೌಂಟಿಯೂ ತನ್ನ ಸಾರ್ವಜನಿಕ ದಾರಿಗಳನ್ನು ಅಳೆದು ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕೆಂದು ವಿಧಿಸಿತು. ಪ್ಯಾರಿಷ್ ಎಂಬ ಗ್ರಾಮಘಟಕಗಳವರು ತಮ್ಮ ತಮ್ಮ ದಾರಿಗಳ ಪಟ್ಟಿಯನ್ನು ಒದಗಿಸಿದರು. ಕೆಲವರು ಶ್ರದ್ಧೆಯಿಂದ ಎಲ್ಲವನ್ನೂ ಬರೆಸಿದರು. ಕೆಲವರು ಅಲಕ್ಷ್ಯ ಮಾಡಿದರು. ಇದರಿಂದ ಒಂದು ಪ್ಯಾರಿಷಿನಲ್ಲಿ ಕುದುರೆದಾರಿಯಾದುದು ಎಲ್ಲೆಯನ್ನು ದಾಟಿದೊಡನೆ ಬರಿಯ ಕಾಲುದಾರಿಯಾಗುವ ಸೋಜಿಗಗಳೂ ಉಂಟಾದುವು. ಕಾಗದದ ಮೇಲಿನ ಗೆರೆಯು ಜನರ ದಾರಿಯನ್ನು ತುಂಡರಿಸಬಲ್ಲದೆಂಬುದು ಗಡಿಯಲ್ಲಿ ಬಾಳುವ ನಮಗೆ ಹೊಸ ಮಾತೇನೂ ಅಲ್ಲ.

ದಾರಿಗಳಲ್ಲಿ ಬಗೆಗಳುಂಟು. ಕಾಲುದಾರಿಗೆ ಹಳದಿ ಬಾಣದ ಗುರುತು. ಅದು ನಡೆಯುವವರಿಗೆ ಮಾತ್ರ. ‘ಬ್ರೈಡಲ್ ವೇ’ ಎಂಬ ಕುದುರೆದಾರಿಗೆ ನೀಲಿ ಬಾಣ. ಇವಲ್ಲದೆ ಕೆನ್ನೀಲಿ ಹಾಗೂ ಕೆಂಪು ಬಾಣಗಳಿಂದ ಗುರುತಿಸುವ ಅಗಲವಾದ ಹಳೆಯ ಬಂಡಿದಾರಿಗಳೂ ಇವೆ. ಬಾಣದ ಬಣ್ಣವನ್ನು ನೋಡಿದರೆ ತನಗೆ ಅಲ್ಲಿ ಪ್ರವೇಶವುಂಟೋ ಇಲ್ಲವೋ ಎಂಬುದು ಅಪರಿಚಿತನಿಗೂ ತಿಳಿಯುವುದು.

೩. ಬೈಸಿಕಲ್ಲಿನ ಪ್ರವೇಶ

ಎರಡು ಸಮಗಾಲಿಗಳ ಇಂದಿನ ಮಾದರಿಯ ಬೈಸಿಕಲ್ಲನ್ನು ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ೧೮೮೫ರಲ್ಲಿ ಪ್ರಚಾರಕ್ಕೆ ತಂದರು. ೧೯೫೫ರಲ್ಲಿ ಲೆಮ್‌ಸ್ಟರ್ ಎಂಬ ಪಟ್ಟಣದಲ್ಲಿ ಕೆಲವು ಉತ್ಸಾಹಿಗಳು ಸೇರಿ ‘ರಫ್ ಸ್ಟಫ್ ಫೆಲೋಶಿಪ್’ ಎಂಬ ಸಂಘವನ್ನು ಕಟ್ಟಿದರು. ಒರಟು ದಾರಿಗಳಲ್ಲಿ ಸಾಮಾನ್ಯ ಬೈಸಿಕಲ್ಲಿನಲ್ಲಿಯೇ ಹೋಗುವುದು, ಹೋಗಲಾಗದ ಕಡೆ ಅದನ್ನು ಹೆಗಲಿಗೇರಿಸಿಕೊಂಡು ನಡೆಯುವುದು ಅವರ ಪದ್ಧತಿ. ದಪ್ಪನೆಯ ಹಲ್ಲುಟಯರುಗಳ ಬೆಟ್ಟದ ಬೈಸಿಕಲ್ಲು ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡುದು ೧೯೭೦ರ ದಶಕದಲ್ಲಿ. ಅಂದರೆ ಯಂತ್ರಕ್ಕಿಂತ ಮೊದಲು ಹುರುಪು ಹುಟ್ಟಿತ್ತು. ಮುಂದೆ ೧೯೯೬ರಲ್ಲಿ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ೨೦೧೨ರಲ್ಲಿ ಎಸೆಕ್ಸಿನ ಹ್ಯಾಡ್ಲೀ ಫಾರ್ಮ್ ಗುಡ್ಡಗಳಲ್ಲಿ ಆ ಪಂದ್ಯವು ನಡೆಯಿತು.

ಕುದುರೆದಾರಿಗಳಲ್ಲಿ ಬೈಸಿಕಲ್ಲಿಗೆ ಪ್ರವೇಶ ಕೊಟ್ಟುದು ೧೯೬೮ರ ಗ್ರಾಮಾಂತರ ಕಾನೂನು. ಅದರ ೩೦ನೆಯ ವಿಧಿಯು ಹಕ್ಕಿನ ಜೊತೆಗೇ ಕರ್ತವ್ಯವನ್ನೂ ಹೇಳಿದೆ: ಬೈಸಿಕಲ್ಲಿನವನು ನಡೆಯುವವನಿಗೂ ಕುದುರೆಯ ಸವಾರನಿಗೂ ದಾರಿ ಬಿಡತಕ್ಕದ್ದು. ಬೈಸಿಕಲ್ಲಿನವನ ಅನುಕೂಲಕ್ಕಾಗಿ ದಾರಿಯನ್ನು ನಯಮಾಡಿ ಕೊಡುವ ಹೊಣೆ ಯಾರ ಮೇಲೂ ಇಲ್ಲವೆಂದೂ ಅದು ಸ್ಪಷ್ಟಪಡಿಸಿತು. ತಡವಾಗಿ ಬಂದವನು ಮೊದಲಿದ್ದವರನ್ನು ಗೌರವಿಸಬೇಕು; ದಾರಿಯು ಇದ್ದಂತೆಯೇ ಅದನ್ನು ಸ್ವೀಕರಿಸಬೇಕು. ಹೀಗಿದ್ದರೂ ಇಂಗ್ಲೆಂಡಿನ ದಾರಿಗಳಲ್ಲಿ ಬೈಸಿಕಲ್ಲಿಗೆ ಹಕ್ಕಿರುವುದು ಸುಮಾರು ಐದನೆಯ ಒಂದು ಪಾಲಿನಲ್ಲಿ ಮಾತ್ರ.

೪. ಸೌತ್ ಡೌನ್ಸ್ ವೇ

ಈ ದಾರಿಗಳಲ್ಲಿ ಪ್ರಸಿದ್ಧವಾದುದು ವಿಂಚೆಸ್ಟರ್ ನಗರದಿಂದ ಈಸ್ಟ್‌ಬೋರ್ನ್ ಕಡಲತಡಿಯವರೆಗಿನ ‘ಸೌತ್ ಡೌನ್ಸ್ ವೇ’. ಉದ್ದ ಸುಮಾರು ೧೬೦ ಕಿಲೋಮೀಟರು. ೧೯೭೨ರಲ್ಲಿ ಇದರ ಪೂರ್ವಭಾಗವನ್ನು ತೆರೆದು, ಬಳಿಕ ವಿಂಚೆಸ್ಟರಿನವರೆಗೆ ವಿಸ್ತರಿಸಿದರು. ನಡೆಯುವವರು, ಕುದುರೆಯವರು, ಬೈಸಿಕಲ್ಲಿನವರು ಮೂವರೂ ಮೊದಲಿನಿಂದ ಕೊನೆಯವರೆಗೆ ಸಾಗಬಹುದಾದುದು ಇದರ ವಿಶೇಷ. ಸುತ್ತಲಿನ ಪ್ರದೇಶವು ೨೦೧೦ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಗುಡ್ಡಗಳು ತಗ್ಗಾದುವೆಂದು ದಾರಿಯು ಸುಲಭವೆಂದೆಣಿಸಬಾರದು. ಮಿಯಾನ್, ಆರನ್, ಅಡೂರ್, ಊಸ್, ಕಕ್‌ಮಿಯರ್ ನದಿಗಳು ಈ ಸಾಲನ್ನು ಅಡ್ಡಲಾಗಿ ಸೀಳಿವೆ. ಒಂದೊಂದು ನದಿಗೂ ಇಳಿಯಬೇಕು, ಮತ್ತೆ ಏರಬೇಕು. ಏರಿದುದನ್ನೆಲ್ಲ ಕೂಡಿಸಿದರೆ ಮೂರೂವರೆ ಸಾವಿರ ಮೀಟರಿಗೂ ಮಿಕ್ಕುವುದು. ಒಣಗಿದಾಗ ಗಟ್ಟಿಯಾಗಿರುವ ಸೀಮೆಸುಣ್ಣವು ನೆನೆದಾಗ ಸಾಬೂನಿನಂತೆ ಜಾರುವುದು. ಅದರೊಳಗಿನ ಚಕಮಕಿ ಕಲ್ಲಿನ ಚೂರುಗಳು ಟಯರನ್ನು ಸೀಳಬಲ್ಲವು. ಪೂರ್ವದ ಕೊನೆಯಲ್ಲಿ ದಾರಿಯು ಕವಲೊಡೆಯುವುದು. ‘ಸೆವೆನ್ ಸಿಸ್ಟರ್ಸ್’ ಎಂಬ ಬಿಳಿಯ ಕಡಲಬಂಡೆಗಳ ಮೇಲಿನ ಮನೋಹರವಾದ ದಾರಿ ನಡೆಯುವವರದು; ಬೈಸಿಕಲ್ಲಿನವರು ಒಳನಾಡಿನ ಜೆವಿಂಗ್ಟನ್ ಹಳ್ಳಿಯ ಮಾರ್ಗವಾಗಿ ಹೋಗಬೇಕು. ಚೆಲುವಾದ ದಾರಿ ಕಣ್ಣೆದುರಿಗಿದ್ದರೂ ತನ್ನದಲ್ಲದ ಕಡೆಗೆ ಗಾಲಿಯನ್ನು ತಿರುಗಿಸದಿರುವುದು ಒಂದು ಶಿಕ್ಷಣವೇ ಸರಿ.

ಸವಾರರು ಪಾಲಿಸುವ ಮರ್ಯಾದೆಗಳನ್ನು ನಮ್ಮ ಮಕ್ಕಳೂ ತಿಳಿದಿರಲಿ. ಮುಂದೆ ಕುದುರೆ ಕಂಡರೆ ದೂರದಿಂದಲೇ ಮೃದುವಾಗಿ ಕೂಗಿ ತಿಳಿಸಬೇಕು. ಹಿಂದಿನಿಂದ ಸದ್ದಿಲ್ಲದೆ ಬಂದರೆ ಅದು ಬೆದರುವುದು. ಮುಚ್ಚಿದ್ದ ಗೇಟನ್ನು ತೆರೆದರೆ ಮತ್ತೆ ಮುಚ್ಚಬೇಕು. ರೈತನು ಬೇಕೆಂದೇ ತೆರೆದಿಟ್ಟ ಗೇಟನ್ನು ಹಾಗೆಯೇ ಬಿಡಬೇಕು. ಕಸವನ್ನು ಮನೆಗೆ ಒಯ್ಯಬೇಕು. ಕೆಸರಿನ ದಿನಗಳಲ್ಲಿ ಗಾಲಿಯು ಕೊರೆದ ಕಾಲುವೆಯಲ್ಲಿ ನೀರು ಹರಿದು ದಾರಿಯೇ ಕೊಚ್ಚಿಹೋಗುವುದೆಂಬುದನ್ನು ಮರೆಯಬಾರದು.

೫. ಮರೆತ ದಾರಿಗಳು

ನಕ್ಷೆಯಲ್ಲಿ ಬರೆಸದೆ ಬಿಟ್ಟ ದಾರಿಗಳ ಗತಿಯೇನು? ೨೦೦೦ದಲ್ಲಿ ಬಂದ ಕಾನೂನೊಂದು, ೧೯೪೯ಕ್ಕೆ ಮೊದಲಿದ್ದು ದಾಖಲೆಯಾಗದ ದಾರಿಗಳ ಹಕ್ಕು ೨೦೨೬ರ ಜನವರಿ ೧ರಂದು ಅಳಿಯುವುದೆಂದು ಗಡುವನ್ನು ಇಟ್ಟಿತು. ರಾಂಬ್ಲರ್ಸ್ ಎಂಬ ನಡಿಗೆಗಾರರ ಸಂಘವು ೨೦೨೦ರಲ್ಲಿ ಸಾವಿರಾರು ಸ್ವಯಂಸೇವಕರಿಂದ ಹಳೆಯ ನಕ್ಷೆಗಳನ್ನು ಹೊಸದರೊಡನೆ ಹೋಲಿಸಿ ನೋಡಿಸಿದಾಗ, ೪೯,೦೦೦ ಮೈಲಿಗೂ ಹೆಚ್ಚಿನ ದಾರಿಗಳು ಬಿಟ್ಟುಹೋದಂತೆ ಕಂಡುಬಂದಿತು. ಗಡುವನ್ನು ೨೦೨೩ರಲ್ಲಿ ೨೦೩೧ರವರೆಗೆ ಮುಂದೂಡಲಾಯಿತು. ಅದನ್ನು ರದ್ದುಮಾಡುವ ಉದ್ದೇಶವನ್ನು ಅಲ್ಲಿಯ ಸರಕಾರವು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇನ್ನೊಂದು ಕಾನೂನಿನ ಪ್ರಕಾರ, ಜನರು ೨೦ ವರ್ಷಗಳ ಕಾಲ ತಡೆಯಿಲ್ಲದೆ, ಮುಚ್ಚುಮರೆಯಿಲ್ಲದೆ, ಅಪ್ಪಣೆ ಬೇಡದೆ ನಡೆದ ದಾರಿಯು ಸಾಮಾನ್ಯವಾಗಿ ಸಾರ್ವಜನಿಕವೆಂದೆಣಿಸಲ್ಪಡುವುದು. ಆಗ ಸಾಕ್ಷಿ ನುಡಿಯುವವರು ಊರಿನ ಹಿರಿಯರೇ.

ದಾರಿಯು ಎರಡರಿಂದ ಉಳಿಯುವುದು: ನಡೆಯುವ ಕಾಲುಗಳಿಂದ ಮತ್ತು ಬರೆದಿಡುವ ಕೈಗಳಿಂದ. ಅಫಿಂಗ್ಟನ್ನಿನ ಬಿಳಿಯ ಕುದುರೆಯು ನಮಗೆ ಹೇಳುವುದೂ ಇದನ್ನೇ. ಕಳೆ ಕೀಳುವವರು ಒಂದೆರಡು ತಲೆಮಾರು ಸುಮ್ಮನಿದ್ದಿದ್ದರೆ ಅಂದೇ ಅದು ಹುಲ್ಲಿನಲ್ಲಿ ಅಡಗಿಹೋಗುತ್ತಿತ್ತು. ಭಾಷೆಯ ಮಾತೂ ಇದರಂತೆಯೇ ಎಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನೀವು ಮಾಡಬಹುದಾದ ಒಂದು ಅಭ್ಯಾಸವಿದೆ. ನಿಮ್ಮೂರಿನ ಒಂದು ಹಳೆಯ ಕಾಲುದಾರಿಯನ್ನು ಆರಿಸಿಕೊಳ್ಳಿರಿ. ಅದರ ಹೆಸರೇನು, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಯಾರು ಯಾವ ಕೆಲಸಕ್ಕೆ ಅದನ್ನು ಬಳಸುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಒಂದು ಚಿಕ್ಕ ನಕ್ಷೆಯೊಡನೆ ಬರೆದಿಡಿರಿ. ತಂದೆತಾಯಂದಿರು ಅವರೊಡನೆ ಒಮ್ಮೆ ಆ ದಾರಿಯಲ್ಲಿ ನಡೆದು ಬರಲಿ ಎಂದು ನಾವು ಆಶಿಸುತ್ತೇವೆ.